ಎಲೆಯಡಿಯ ಮಿತ್ರನಿಗೆ ಮದ್ದಿನ ಪೆಟ್ಟು

ಸೇಬಿನ ಎಲೆಯನ್ನು ಮಗುಚಿ ನಡುನರದ ಪಕ್ಕ ಭೂತಗನ್ನಡಿ ಹಿಡಿದರೆ ಎರಡು ಬಗೆಯ ನುಸಿಗಳು ಕಾಣಬಹುದು. ಒಂದು, ರಸ ಹೀರುವ ಕೆಂಪು ನುಸಿ. ಇನ್ನೊಂದು, ಅರ್ಧ ಮಿಲಿಮೀಟರ್‌ಗೂ ಚಿಕ್ಕದಾದ, ಕಣ್ಣೇ ಇಲ್ಲದಿದ್ದರೂ ಚುರುಕಾಗಿ ಓಡಾಡಿ ಮೊದಲನೆಯದನ್ನು ತಿನ್ನುವ ಪರಭಕ್ಷಕ ನುಸಿ. ಕೀಟನಾಶಕ ಈ ಎರಡನೆಯದನ್ನು ಏನು ಮಾಡುತ್ತದೆ ಎಂಬ ಪ್ರಶ್ನೆ ಹಣ್ಣಿನ ತೋಟಗಳ ವಿಜ್ಞಾನವನ್ನೇ ಬದಲಿಸಿದೆ.

ಎರಡನೇ ಮಹಾಯುದ್ಧದ ನಂತರ ಕಾಯಿಕೊರಕ ಕಾಡ್ಲಿಂಗ್ ಪತಂಗದ ವಿರುದ್ಧ ಡಿಡಿಟಿ ಬಂತು. ಪತಂಗ ಹತೋಟಿಗೆ ಬಂದರೂ ನುಸಿ ಹೆಚ್ಚಿ ಎಲೆಗಳು ಕಂಚಿನ ಬಣ್ಣಕ್ಕೆ ತಿರುಗಿದವು; ಪರಭಕ್ಷಕಗಳು ಸತ್ತಿದ್ದವು. ಕೆನಡಾದ ನೋವಾ ಸ್ಕೋಷಿಯಾದಲ್ಲಿ ಎ. ಡಿ. ಪಿಕೆಟ್ ಮತ್ತು ಸಂಗಡಿಗರು ಮಿತ್ರಜೀವಿಗಳನ್ನು ಉಳಿಸಿಕೊಂಡೇ ಸಿಂಪಡಿಸುವ ಕ್ರಮಕ್ಕೆ ದಾರಿ ಹಾಕಿದರು.

1960ರ ದಶಕದಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಸ್ಟ್ಯಾನ್ಲಿ ಹಾಯ್ಟ್ ಇನ್ನೊಂದು ಹೆಜ್ಜೆ ಮುಂದಿಟ್ಟರು. ಅಲ್ಲಿನ ಪರಭಕ್ಷಕ ನುಸಿ ಗ್ಯಾಲೆಂಡ್ರೋಮಸ್ ಆಕ್ಸಿಡೆಂಟಾಲಿಸ್, ಅಜಿನ್‌ಫಾಸ್ ಮೀಥೈಲ್ ಎಂಬ ಕೀಟನಾಶಕಕ್ಕೆ ನಿರೋಧಕ ಶಕ್ತಿ ಪಡೆದಿತ್ತು. ಪತಂಗಕ್ಕೆ ಮದ್ದು, ನುಸಿಗೆ ನುಸಿಯೇ ಮದ್ದು ಎಂಬ ಅವರ ಸಂಯೋಜಿತ ವಿಧಾನ 1969ರಲ್ಲಿ ಪ್ರಕಟವಾಯಿತು. ಮುಂದೆ ಕ್ಯಾಲಿಫೋರ್ನಿಯಾದಲ್ಲಿ ಮಾರ್ಜರಿ ಹಾಯ್ ಮದ್ದು ತಾಳುವ ತಳಿಗಳನ್ನು ಪ್ರಯೋಗಾಲಯದಲ್ಲೇ ಆಯ್ದು ಬೆಳೆಸಿ ಬಾದಾಮಿ ತೋಟಗಳಿಗೆ ಬಿಟ್ಟರು. ಅಷ್ಟರಲ್ಲಿ ಬಂದ ಪೈರೆಥ್ರಾಯ್ಡ್ ಕೀಟನಾಶಕಗಳು ಅನೇಕ ಕಡೆ ಪರಭಕ್ಷಕಗಳನ್ನು ಸವರಿಹಾಕಿ ಹಳೆಯ ಸಮಸ್ಯೆಯನ್ನು ಮತ್ತೆ ತಂದವು.

ಮದ್ದು ಮಿತ್ರಜೀವಿಗಳಿಗೆ ಎಷ್ಟು ಹಾನಿ ಮಾಡುತ್ತದೆಂದು ಪರೀಕ್ಷಿಸುವ ಕ್ರಮವೂ ಬೆಳೆಯಿತು. 1974ರಲ್ಲಿ ಜೈವಿಕ ನಿಯಂತ್ರಣದ ಅಂತರರಾಷ್ಟ್ರೀಯ ಸಂಘಟನೆ ಐಒಬಿಸಿ ಇದಕ್ಕೆಂದೇ ಕಾರ್ಯತಂಡ ಕಟ್ಟಿತು. ಪ್ರಯೋಗಾಲಯದಲ್ಲಿ ಶೇ. 30ಕ್ಕಿಂತ ಕಡಿಮೆ ಹಾನಿಯಾದರೆ ನಿರಪಾಯ, ಶೇ. 99 ಮೀರಿದರೆ ಅಪಾಯಕಾರಿ ಎಂಬಂಥ ನಾಲ್ಕು ದರ್ಜೆಗಳು ಬಂದವು. ಒದ್ದೆ ಹತ್ತಿಯ ಮೇಲೆ ಎಲೆಯ ತುಂಡಿಟ್ಟು, ಸಣ್ಣ ಕುಂಚದಿಂದ ಹೆಣ್ಣು ನುಸಿಗಳನ್ನು ಬಿಟ್ಟು, ಸತ್ತವೆಷ್ಟು ಎಂದು ಮೊದಲು ಎಣಿಸುತ್ತಿದ್ದರು. ಬದುಕಿದವು ಇಟ್ಟ ಮೊಟ್ಟೆ ಎಷ್ಟು, ಒಡೆದು ಮರಿಯಾದದ್ದು ಎಷ್ಟು ಎಂಬುದೂ ಕ್ರಮೇಣ ಲೆಕ್ಕಕ್ಕೆ ಬಂತು. ಆಗ ಮರೆಯಲ್ಲಿದ್ದ ಹಾನಿ ಬಯಲಾಯಿತು: ಶಿಲೀಂಧ್ರನಾಶಕ ಮ್ಯಾಂಕೋಜೆಬ್ ಪದೇಪದೇ ಬಿದ್ದರೆ ಸಂತಾನ ಕುಗ್ಗುತ್ತದೆ, ಕೀಟನಾಶಕ ನೊವಾಲ್ಯುರಾನ್ ತಗುಲಿದ ತಾಯಿ ಬದುಕಿದರೂ ಮರಿಗಳು ಉಳಿಯುವುದು ಕಷ್ಟ.

ಅಮೆರಿಕದ ಸೇಬಿನ ತೋಟಗಳಲ್ಲಿ 2013ರ ಹೊತ್ತಿಗೆ ಅಜಿನ್‌ಫಾಸ್ ಮೀಥೈಲ್ ಬಳಕೆ ನಿಂತಿತು. ಕಾರ್ಮಿಕರ ಆರೋಗ್ಯದ ದೃಷ್ಟಿಯಿಂದ ಅದು ಆಗಲೇಬೇಕಿತ್ತು. ಆದರೆ ಅದರ ಬದಲಿಗೆ ಬರುವ, ಮನುಷ್ಯನಿಗೆ ಸೌಮ್ಯವಾದ ಮದ್ದು ನುಸಿಗೂ ಸೌಮ್ಯವೆಂದು ನಂಬುವಂತಿಲ್ಲ. ಹೊಸ ಮದ್ದು ಬಂದಾಗಲೆಲ್ಲ ಮಿತ್ರಜೀವಿಗಳ ಎರಡು ತಲೆಮಾರುಗಳ ಮೇಲಾದರೂ ಅದನ್ನು ಪರೀಕ್ಷಿಸಿ, ಫಲಿತಾಂಶವನ್ನು ಬೆಳೆಗಾರನ ಕೈಗೆ ಸಿಗುವ ಡಬ್ಬಿಯ ಮೇಲೆಯೇ ಅವನ ಭಾಷೆಯಲ್ಲಿ ಮುದ್ರಿಸಬೇಕು. ಯಾವ ಮದ್ದನ್ನು ಬಿಡಬೇಕೆಂದು ತಿಳಿದ ರೈತ ಮುಂದಿನ ಎರಡು ಸಿಂಪರಣೆಗಳ ಖರ್ಚನ್ನೂ ಉಳಿಸಬಲ್ಲ.