ಹಾಜರಿ: ಪಾಲೋ, ಕೂಲಿಯೋ?

ದಲಿತ ವಿಮರ್ಶೆ ಎಂದಕೂಡಲೆ ನಮ್ಮಲ್ಲಿ ಕತೆ, ಕವಿತೆ, ಆತ್ಮಕಥನಗಳ ಮಾತು ಬರುತ್ತದೆ. ಬರಲಿ, ಬೇಡವೆನ್ನುವುದಿಲ್ಲ. ಆದರೆ ದಲಿತರ ಬದುಕನ್ನು ಬರೆದಿಟ್ಟ ಪುಸ್ತಕಗಳಲ್ಲಿ ಸಾಹಿತಿಗಳು ಬರೆಯದ ಪುಸ್ತಕವೂ ಒಂದಿದೆ. ಅದು ಹಾಜರಿ ಪುಸ್ತಕ. ತಾಲೂಕು ಕೇಂದ್ರದ ಕಾಲೇಜೊಂದರಲ್ಲಿ ದಿನಾಲೂ ಅದನ್ನು ತುಂಬುವ ಮೇಷ್ಟ್ರು ನಾನು. ಅದರೊಳಗಿನ ಒಂದೊಂದು ಗುರುತಿಗೂ ನಮ್ಮ ಹುಡುಗರ ಸ್ಕಾಲರ್‌ಶಿಪ್ಪಿಗೂ ಇರುವ ನಂಟು ಕಣ್ಣೆದುರಿಗೇ ಇದೆ. ಹಾಗಾಗಿ ಅದರ ಚರಿತ್ರೆಯನ್ನು ಕೊಂಚ ಕೆದಕಬೇಕೆನ್ನಿಸಿತು.

ಈ ಚರಿತ್ರೆಯ ಒಂದು ಮುಖ್ಯ ಪುಟ ಧಾರವಾಡದ್ದು. 1856ರ ಜೂನ್ ತಿಂಗಳಲ್ಲಿ ಮಹಾರ್ ಜಾತಿಯ ಹುಡುಗನೊಬ್ಬ ತನ್ನನ್ನು ಅಲ್ಲಿನ ಸರ್ಕಾರಿ ಶಾಲೆಗೆ ಸೇರಿಸಿಕೊಳ್ಳುತ್ತಿಲ್ಲವೆಂದು ಮುಂಬಯಿ ಸರ್ಕಾರಕ್ಕೆ ಅರ್ಜಿ ಹಾಕಿದ. ಅವನು ಧರ್ಮಕ್ಕೆ ಓದಿಸಿರೆಂದು ಕೇಳಿದವನಲ್ಲ, ಎಲ್ಲರಂತೆ ಫೀಜು ಕೊಡಲು ತಯಾರಿದ್ದವನು. ನ್ಯಾಯ ಹುಡುಗನ ಕಡೆಗಿದೆ ಎಂದು ಸರ್ಕಾರ ಒಪ್ಪಿತು. ಒಪ್ಪಿಯೂ, ಅವನೊಬ್ಬನನ್ನು ಒಳಗೆ ಬಿಟ್ಟರೆ ಶಾಲೆ ಉಳಿದ ಬಹುಜನರಿಗೆ ಉಪಯೋಗಕ್ಕಿಲ್ಲದಂತಾದೀತು ಎಂದು ಬಾಗಿಲು ಹಾಕಿತು. 1928ರಲ್ಲಿ ಸೈಮನ್ ಕಮಿಷನ್ನಿಗೆ ಕೊಟ್ಟ ಹೇಳಿಕೆಯಲ್ಲಿ ಅಂಬೇಡ್ಕರರು ಈ ಪ್ರಕರಣವನ್ನು ಎತ್ತಿ ತೋರಿಸಿದ್ದಾರೆ. ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಸರ್ಕಾರ ಹೆದರಿದ್ದು ಸವರ್ಣೀಯರು ಮಕ್ಕಳನ್ನು ಕಳಿಸುವುದಿಲ್ಲವೆಂಬ ಭಯಕ್ಕೆ. ಇನ್ನೂ ನಡೆದೇ ಇರದ ಅವರ ಗೈರುಹಾಜರಿ ಸರ್ಕಾರಿ ಆಜ್ಞೆಯನ್ನೇ ತಿರುಗಿಸಿತು. ಅದೇ ಗೈರುಹಾಜರಿ ನಮ್ಮವರದಾದಾಗ ಏನಾಯಿತು ಎಂಬುದೇ ಮುಂದಿನ ಕತೆ.

ಶಾಲೆಯ ಪುಸ್ತಕಕ್ಕೆ ಹತ್ತದ ಹೆಸರುಗಳು ಪೊಲೀಸರ ಪುಸ್ತಕಕ್ಕೆ ಸಲೀಸಾಗಿ ಹತ್ತಿದವು. 1871ರ ಕ್ರಿಮಿನಲ್ ಟ್ರೈಬ್ಸ್ ಕಾಯಿದೆ 1911ರಲ್ಲಿ ಹೊಸ ರೂಪ ತಾಳಿದ ಮೇಲೆ ಮುಂಬಯಿ ಪ್ರಾಂತ್ಯಕ್ಕೂ ಬಂತು. ಹುಬ್ಬಳ್ಳಿ, ಗದಗ, ವಿಜಾಪುರಗಳಲ್ಲಿ ಸೆಟ್ಲಮೆಂಟುಗಳು ಎದ್ದವು. ಹುಟ್ಟಿದ ಜಾತಿಯೇ ಅಪರಾಧವಾದ ಜನ ಅಲ್ಲಿ ಹಾಜರಿ ಕೊಡಬೇಕು, ಹೊರಗೆ ಹೋಗಬೇಕಾದರೆ ಪಾಸು ಪಡೆಯಬೇಕು. 1952ರಲ್ಲಿ ಕಾಯಿದೆ ರದ್ದಾಯಿತು. ಆ ಜನರಲ್ಲಿ ಕೊರಮರಂಥವರು ಇಂದು ನಮ್ಮ ಪರಿಶಿಷ್ಟ ಜಾತಿಯ ಪಟ್ಟಿಯಲ್ಲಿದ್ದಾರೆ. ಅವರ ಮರಿಮಕ್ಕಳು ನನ್ನ ಕ್ಲಾಸಿನಲ್ಲಿ ಕೂತಿದ್ದಾರೆ. ‘ಹಾಜರಿ’ ಎಂಬ ಶಬ್ದ ಅವರ ಮನೆಯ ಹಿರಿಯರಿಗೆ ಕೇಳಿಸುವುದೇ ಬೇರೆ, ನಮಗೆ ಕೇಳಿಸುವುದೇ ಬೇರೆ.

ಹಾಜರಿಯನ್ನು ಪ್ರೀತಿಯಿಂದ ಎಣಿಸಿದವರೂ ಇದ್ದರು. 1897ರಲ್ಲಿ ಮಂಗಳೂರಿನಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿದ ಕುದ್ಮುಲ್ ರಂಗರಾಯರು ಶಾಲೆಗೆ ಬಂದ ಮಕ್ಕಳಿಗೆ ದಿನಕ್ಕೆ ಎರಡು ಪೈಸೆ ಕೊಡುತ್ತಿದ್ದರೆಂದು ಹೇಳುವುದುಂಟು. ಮಗು ಬಂದರೆ ಮನೆಗೆ ನಷ್ಟ, ಆ ನಷ್ಟವನ್ನು ಶಾಲೆ ತುಂಬಬೇಕು ಎಂಬುದು ಅಲ್ಲಿನ ತರ್ಕ. ಈಗ ಆ ತರ್ಕ ತಲೆಕೆಳಗಾಗಿದೆ.

ತಲೆಕೆಳಗಾದದ್ದು ಹೇಗೆ? 1942ರ ಅಕ್ಟೋಬರಿನಲ್ಲಿ ಅಂಬೇಡ್ಕರರು ವೈಸರಾಯ್ ಲಿನ್‌ಲಿತ್‌ಗೋಗೆ ಕೊಟ್ಟ ಮನವಿಯನ್ನು ನೋಡಿ. ಬನಾರಸ್, ಅಲೀಘರ್ ವಿಶ್ವವಿದ್ಯಾಲಯಗಳಿಗೆ ತಲಾ 3 ಲಕ್ಷ ಕೊಡುವ ಸರ್ಕಾರ ಪರಿಶಿಷ್ಟರ ಉನ್ನತ ಶಿಕ್ಷಣಕ್ಕೆ ಏನು ಕೊಟ್ಟಿದೆ ಎಂಬ ಧಾಟಿ ಅದರದ್ದು. ಅದು ಬೇಡುವ ದನಿಯಲ್ಲ, ಅಣ್ಣತಮ್ಮಂದಿರು ಆಸ್ತಿಯಲ್ಲಿ ಪಾಲು ಕೇಳುವ ದನಿ. ಆ ಬೆನ್ನಿಗೇ, 1944ರಲ್ಲಿ, ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಶುರುವಾಯಿತು. ‘ವೇತನ’ ಎಂಬ ಶಬ್ದವನ್ನು ಯಾರು ಅಂಟಿಸಿದರೋ! ಪಾಲು ಕೇಳಿದವರ ಕೈಗೆ ಕೂಲಿ ಬಂತು. ಕೂಲಿ ಅಂದಮೇಲೆ ಮೇಸ್ತ್ರಿಯೂ ಬರುತ್ತಾನೆ, ಹಾಜರಿಯೂ ಬರುತ್ತದೆ.

2010ರ ಪರಿಷ್ಕೃತ ನಿಯಮಾವಳಿಯಲ್ಲಿ ಒಂದು ವಾಕ್ಯವಿದೆ. ಮುಷ್ಕರಕ್ಕೆ ಇಳಿಯುವುದು, ಅನುಮತಿಯಿಲ್ಲದೆ ಹಾಜರಿಗೆ ತಪ್ಪುವುದು ಮುಂತಾದ ದುರ್ನಡತೆಗಳ ಬಗ್ಗೆ ಸಂಸ್ಥೆಯ ಮುಖ್ಯಸ್ಥರು ವರದಿ ಕೊಟ್ಟರೆ ವೇತನ ರದ್ದು ಮಾಡಬಹುದು, ತಡೆಹಿಡಿಯಬಹುದು. ಮುಷ್ಕರ, ಗೈರುಹಾಜರಿ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದ್ದಾರೆ, ನೋಡಿ. ಇದನ್ನು ಓದಿದಾಗೆಲ್ಲ ನನಗೆ 1973ರ ಬೂಸಾ ಪ್ರಕರಣ ನೆನಪಾಗುತ್ತದೆ. ಬಸವಲಿಂಗಪ್ಪನವರ ಒಂದು ಮಾತಿಗೆ ದಲಿತ ವಿದ್ಯಾರ್ಥಿಗಳು ಏಟು ತಿಂದರು, ಬೀದಿಗಿಳಿದರು. ದಲಿತ ಸಂಘರ್ಷ ಸಮಿತಿಯ, ದಲಿತ ಸಾಹಿತ್ಯದ ಬೇರು ಅಲ್ಲಿದೆ. ಆ ಹುಡುಗರ ಹಾಜರಿಯನ್ನು ಯಾರಾದರೂ ಶೇಕಡಾವಾರು ಲೆಕ್ಕ ಹಾಕಿ ಹಾಸ್ಟೆಲಿನ ಅನ್ನ ಕಿತ್ತುಕೊಂಡಿದ್ದರೆ, ಈ ವಿಶೇಷ ಸಂಚಿಕೆಗೆ ಬರೆಯಲು ಇಷ್ಟು ಜನ ಸಿಗುತ್ತಿದ್ದರೇ? ಹೈದರಾಬಾದಿನಲ್ಲಿ ಹೋರಾಟಕ್ಕಿಳಿದ ರೋಹಿತ್ ವೇಮುಲನನ್ನು ನಾವು 2016ರ ಜನವರಿ 17ರಂದು ಕಳೆದುಕೊಂಡೆವು. ಏಳು ತಿಂಗಳ ಫೆಲೋಶಿಪ್, 1,75,000 ರೂಪಾಯಿ, ತನಗೆ ಬರಬೇಕಿದೆ ಎಂದು ಅವನು ಕೊನೆಯ ಕಾಗದದಲ್ಲೂ ಲೆಕ್ಕ ಬರೆದಿಟ್ಟಿದ್ದ.

ಹಾಜರಿಯ ಕತ್ತರಿ ನೇರವಾಗಿಯೇ ಬೀಳಬೇಕೆಂದಿಲ್ಲ. ಶೇ. 75 ಹಾಜರಿ ಇಲ್ಲದಿದ್ದರೆ ಪರೀಕ್ಷೆಗೆ ಕೂರುವಂತಿಲ್ಲ. ಕೂರದಿದ್ದರೆ ಮುಂದಿನ ತರಗತಿಗೆ ಹೋಗುವಂತಿಲ್ಲ. ಹೋಗದಿದ್ದರೆ ವೇತನ ನವೀಕರಣವಾಗುವುದಿಲ್ಲ. ಇನ್ನು ಆ ವೇತನ ಎಷ್ಟು? 2021ರ ನಿಯಮಾವಳಿಯಂತೆ ಮನೆಯಿಂದ ಓಡಾಡುವ ಬಿ.ಎ. ವಿದ್ಯಾರ್ಥಿಗೆ ಭತ್ಯೆ ವರ್ಷಕ್ಕೆ 3,000 ರೂಪಾಯಿ. ತಿಂಗಳಿಗೆ 250. ಉದ್ಯೋಗ ಖಾತ್ರಿಯಲ್ಲಿ ಕರ್ನಾಟಕದ ದಿನಗೂಲಿ 2024-25ರಲ್ಲಿ 349 ಇತ್ತು. ತಿಂಗಳ ಓದಿಗಿಂತ ಒಂದು ದಿನದ ಗುದ್ದಲಿಗೆ ಬೆಲೆ ಹೆಚ್ಚು. ಗುದ್ದಲಿ ಹಿಡಿದ ಅಪ್ಪನ ಹಾಜರಿಯನ್ನೂ 2023ರ ಜನವರಿಯಿಂದ ಮೊಬೈಲಿನಲ್ಲಿ ಫೋಟೋ ಹೊಡೆದು ಕಳಿಸುವುದನ್ನು ಕಡ್ಡಾಯ ಮಾಡಿದ್ದರು. ಕಬ್ಬಿನ ಸೀಜನ್ನಿನಲ್ಲಿ ಎರಡು ವಾರ ಕಾಣದ ಹುಡುಗನನ್ನು ಕೇಳಿದೆ. “ಹಾಜರಿಗೆ ಬಂದ್ರ ಹೊಟ್ಟಿ ತುಂಬತೈತೇನ್ರಿ ಸರ?” ಅಂದ. ನಮ್ಮ ಸ್ಟಾಫ್ ರೂಮಿನಲ್ಲಿ ಇಂಥವನಿಗೆ ‘ಸ್ಕಾಲರ್‌ಶಿಪ್ಪಿಗೆ ಅಡ್ಮಿಷನ್ ಆದವನು’ ಎಂಬ ಹೆಸರಿದೆ. 1994ರಲ್ಲಿ ಅರವಿಂದ ಮಾಲಗತ್ತಿಯವರು ತಮ್ಮ ಆತ್ಮಕಥನಕ್ಕೆ ‘ಗೌರ್ಮೆಂಟ್ ಬ್ರಾಹ್ಮಣ’ ಎಂದು ಹೆಸರಿಟ್ಟಾಗ ಎದುರಿಸಿದ್ದು ಇಂಥದೇ ವ್ಯಂಗ್ಯವನ್ನಲ್ಲವೆ?

ಸರ್ಕಾರದ ಹಾಜರಿ ಹೇಗಿತ್ತು? ಅದನ್ನೂ ಕೂಗೋಣ. ಈ ಯೋಜನೆಗೆ ಕೇಂದ್ರದ ನೆರವು 2017-18ರಿಂದ 2019-20ರವರೆಗೆ ವರ್ಷಕ್ಕೆ ಸುಮಾರು 1,100 ಕೋಟಿಯಷ್ಟೇ ಇತ್ತು. ಹೊರೆಯೆಲ್ಲ ರಾಜ್ಯಗಳ ತಲೆಯ ಮೇಲೆ. 2020ರ ಡಿಸೆಂಬರಿನಲ್ಲಿ ಕೇಂದ್ರ ಸಂಪುಟ ಐದು ವರ್ಷಕ್ಕೆ 59,048 ಕೋಟಿಯ ಯೋಜನೆಗೆ ಒಪ್ಪಿ ತನ್ನ ಪಾಲನ್ನು ಶೇ. 60ಕ್ಕೆ ಏರಿಸಿತು, ಜೊತೆಗೆ ಆಧಾರ್, ಬ್ಯಾಂಕ್ ಖಾತೆ, ಜಾತಿ ಎಲ್ಲದರ ಆನ್‌ಲೈನ್ ತಪಾಸಣೆ ಹೇಳಿತು. ಹಣ ಹೆಚ್ಚಿದ್ದು ಒಳ್ಳೆಯದೇ. ಆದರೆ ಮೂರು ವರ್ಷ ಅಷ್ಟು ದೊಡ್ಡ ಯಜಮಾನನೇ ಗೈರುಹಾಜರಾದದ್ದಕ್ಕೆ ಯಾವ ಶೇಕಡಾ 75ರ ನಿಯಮವೂ ಅನ್ವಯಿಸಲಿಲ್ಲ.

ತರಗತಿಗೆ ಬರುವುದೇ ಬೇಡ ಎಂದು ನಾನು ವಾದಿಸುತ್ತಿಲ್ಲ. ಪಾಠ ಕೇಳದೆ ನಮ್ಮವರು ಕಳೆದುಕೊಂಡದ್ದು ಎಷ್ಟೆಂಬುದನ್ನು ಧಾರವಾಡದ ಆ ಹುಡುಗನೇ ಹೇಳುತ್ತಾನೆ. ನನ್ನ ತಕರಾರು ಇರುವುದು ಹಾಜರಿಯನ್ನು ಹೊಟ್ಟೆಗೆ ಕಟ್ಟುವುದರ ಬಗ್ಗೆ, ಮತ್ತು ಗೈರುಹಾಜರಿಗೆ ಕಾರಣ ಬರೆಯಲು ಆ ಪುಸ್ತಕದಲ್ಲಿ ಒಂದು ಕಾಲಂ ಕೂಡ ಇಲ್ಲದಿರುವುದರ ಬಗ್ಗೆ. ಆದ್ದರಿಂದ ಈ ವರ್ಷ ನಾನೂ ಕೆಲವು ವಿದ್ಯಾರ್ಥಿಗಳೂ ಸೇರಿ ಇನ್ನೊಂದು ನೋಟುಬುಕ್ಕು ಇಟ್ಟಿದ್ದೇವೆ. ತಪ್ಪಿದ ದಿನಕ್ಕೆ ಕಾರಣವನ್ನು ಅವರೇ ಬರೆಯುತ್ತಾರೆ: ಕಬ್ಬು, ಬಸ್ಸು, ಅವ್ವನ ಜ್ವರ. ಎಲ್ಲಕ್ಕಿಂತ ಹೆಚ್ಚು ಸಲ ಕಾಣುವ ಕಾರಣ ಇದು: ‘ಸ್ಕಾಲರ್‌ಶಿಪ್ಪಿಗೆ ಜಾತಿ-ಆದಾಯ ಸರ್ಟಿಫಿಕೇಟು ತರಾಕ ತಹಶೀಲ್ದಾರ ಆಫೀಸಿಗೆ ಹೋಗಿದ್ದೆ.’