ಉತಾರದ ಪಾಳಿ ಮತ್ತು ಸರ್ವರಿನ ಬಾಗಿಲು

ಚಿಕ್ಕೋಡಿ, ರಾಯಬಾಗ, ಅಥಣಿ ತಾಲೂಕುಗಳ ಪಹಣಿಗಳು (ಈ ಭಾಗದ ಜನರ ಮಾತಿನಲ್ಲಿ ಉತಾರಗಳು) ಗಣಕಯಂತ್ರವನ್ನು ಸೇರಿದುದು ಭೂಮಿ ಯೋಜನೆಯಿಂದ. 2002ರ ವೇಳೆಗೆ ಅದು ರಾಜ್ಯದ 177 ತಾಲೂಕುಗಳಿಗೂ ವ್ಯಾಪಿಸಿತ್ತು. ನಿಪ್ಪಾಣಿ, ಕಾಗವಾಡಗಳು ತಾಲೂಕುಗಳಾದುದು 2018ರಲ್ಲಿ. ಅದುವರೆಗೆ ಅಲ್ಲಿಯ ರೈತರು ಕ್ರಮವಾಗಿ ಚಿಕ್ಕೋಡಿ, ಅಥಣಿಗಳಿಗೇ ಹೋಗಬೇಕಾಗಿತ್ತು. ಮೊದಲಲ್ಲಿ ದಾಖಲೆಗಳು ಆಯಾ ತಾಲೂಕಿನ ಯಂತ್ರದಲ್ಲಿಯೇ ಇದ್ದುದರಿಂದ, 15 ರೂಪಾಯಿ ಹಿಡಿದು ನಿಂತವರ ಪಾಳಿ ಕಿಟಕಿಯ ಮುಂದೆ ಕಣ್ಣಿಗೆ ಕಾಣುತ್ತಿತ್ತು. ಅಂತರ್ಜಾಲದಲ್ಲಿ ಪಹಣಿ ದೊರೆಯತೊಡಗಿದ ಮೇಲೆ ಎಲ್ಲೆಡೆಯ ಬೇಡಿಕೆಗಳೂ ಒಂದೇ ಬಾಗಿಲಿಗೆ ಬಂದವು. ಪಾಳಿ ಅಳಿಯಲಿಲ್ಲ, ಸ್ಥಳಾಂತರಗೊಂಡಿತು ಎಂಬುದು ನಮ್ಮ ಮತ.

ಇಂತಹ ಬಾಗಿಲನ್ನು ಕಾಯುವ ವಿಧಾನಕ್ಕೂ ಒಂದು ಇತಿಹಾಸವುಂಟು. 1995ರಲ್ಲಿ ಹೊರಬಂದ ಅಪಾಚೆ ಸರ್ವರು ಒಬ್ಬೊಬ್ಬ ರೈತನಿಗೂ ಒಬ್ಬೊಬ್ಬ ಗುಮಾಸ್ತನನ್ನು ನೇಮಿಸಿದಂತೆ, ಪ್ರತಿ ಸಂಪರ್ಕಕ್ಕೂ ಒಂದು ಪ್ರಕ್ರಿಯೆಯನ್ನು ಮೀಸಲಿಡುತ್ತಿತ್ತು. ಕೇಳುವವನ ಸಂಪರ್ಕ ನಿಧಾನವಾದರೆ ಗುಮಾಸ್ತನೂ ಸುಮ್ಮನೆ ಕೂರಬೇಕು. ಬ್ಯಾಂಡ್‌ವಿಡ್ತ್ ಮಿಕ್ಕಿರುವಾಗಲೇ ಮೆಮೊರಿ ತೀರಿಹೋಗುತ್ತಿತ್ತು. ಒಂದೇ ಯಂತ್ರವು ಏಕಕಾಲಕ್ಕೆ 10,000 ಸಂಪರ್ಕಗಳನ್ನು ನಿರ್ವಹಿಸುವ ಕಾಲ ಬಂದಿದೆಯೆಂದು 1999ರಲ್ಲಿ ಡ್ಯಾನ್ ಕೆಗೆಲ್ ವಾದಿಸಿದರು. 2004ರಲ್ಲಿ ಇಗೋರ್ ಸಿಸೊಯೆವ್ ಪ್ರಕಟಿಸಿದ ಎಂಜಿನ್‌ಎಕ್ಸ್‌ನಲ್ಲಿ ಗುಮಾಸ್ತರು ಕೆಲವರೇ. ಯಾರ ಕಾಗದ ಸಿದ್ಧವಾಗಿದೆಯೋ ಅವರನ್ನಷ್ಟೇ ವಿಚಾರಿಸಿ ಮುಂದಕ್ಕೆ ಸಾಗುತ್ತಾರೆ.

ಆದುದರಿಂದ ಯಂತ್ರವನ್ನು ದೊಡ್ಡದು ಮಾಡಿದರೆ ಸಾಕೆಂಬ ಪ್ರಚಲಿತ ಅಭಿಪ್ರಾಯವನ್ನು ನಾವು ಒಪ್ಪಲಾರೆವು. ಲಿನಕ್ಸ್‌ನಲ್ಲಿ ಬಾಗಿಲ ಹೊರಗೆ ಕಾಯಬಹುದಾದ ಸಂಪರ್ಕಗಳ ಪೂರ್ವನಿಯೋಜಿತ ಮಿತಿ ಬಹುಕಾಲ ಕೇವಲ 128 ಆಗಿತ್ತು. 2019ರಲ್ಲಿ ಅದು 4,096ಕ್ಕೆ ಏರಿತು. ಅಲ್ಲಿಯವರೆಗೆ, ನಿರ್ವಾಹಕನು ಈ ಒಂದು ಅಂಕಿಯನ್ನು ತಿದ್ದದೆ ಹೋದರೆ, ಎಷ್ಟು ಬಲಿಷ್ಠವಾದ ಯಂತ್ರವಾದರೂ ನೂಕುನುಗ್ಗಲಿನ ಹೊತ್ತಿನಲ್ಲಿ ಬಂದವರನ್ನು ಪಾಳಿಗೂ ಸೇರಿಸದೆ ಹಿಂದಕ್ಕೆ ಕಳುಹಿಸುತ್ತಿತ್ತು.