ಜಂಪ್ ಆಗುವ ಸಿ.ಡಿ.ಯ ಹಿಂದಿನ ಗಣಿತ

1889ರ ನವೆಂಬರ್ 23ರಂದು ಸ್ಯಾನ್ ಫ್ರಾನ್ಸಿಸ್ಕೋದ ಪಾನಗೃಹವೊಂದರಲ್ಲಿ ಲೂಯಿ ಗ್ಲಾಸ್ ಎಂಬಾತ ನಾಣ್ಯ ಹಾಕಿದರೆ ಹಾಡುವ ಯಂತ್ರವನ್ನು ಇರಿಸಿದನು. ಮೇಣದ ಉರುಳೆಯ ಮೇಲೆ ಕೊರೆದ ಸಂಗೀತವದು, ಕೇಳಿದಷ್ಟೂ ಸವೆಯುತ್ತಿತ್ತು. ಜೂಕ್‌ಬಾಕ್ಸಿನ ವಂಶಾವಳಿ ಅಲ್ಲಿಂದ ಆರಂಭವಾಗುತ್ತದೆ. ಸುಮಾರು ಒಂದು ಶತಮಾನದ ಬಳಿಕ ಅದೇ ಪೆಟ್ಟಿಗೆಯೊಳಗೆ ನೂರು ಸಿ.ಡಿ.ಗಳು ಬಂದು ಕುಳಿತವು. ಮುಳ್ಳಿನ ಸ್ಥಾನವನ್ನು ಬೆಳಕು ಆಕ್ರಮಿಸಿತು. ಸವೆತ ನಿಂತಿತು, ಆದರೆ ಹಾಡು ನಡುವೆ ಹಾರುವ ಕಾಟ ನಿಲ್ಲಲಿಲ್ಲ.

1982ರ ಅಕ್ಟೋಬರಿನಲ್ಲಿ ಜಪಾನಿನ ಮಾರುಕಟ್ಟೆಗೆ ಬಂದ ಸಿ.ಡಿ.ಯ ಸುರುಳಿ ಹಾದಿ ಬಿಡಿಸಿ ಎಳೆದರೆ ಸುಮಾರು 5 ಕಿಲೋಮೀಟರ್ ಆಗುತ್ತದೆ. ಅಕ್ಕಪಕ್ಕದ ಸುತ್ತುಗಳ ಅಂತರ ಮಿಲಿಮೀಟರಿನ ಸಾವಿರದಲ್ಲಿ 1.6 ಭಾಗ ಮಾತ್ರ. ಇಷ್ಟು ಸೂಕ್ಷ್ಮವಾದ ವಸ್ತು ಮನುಷ್ಯರ ಕೈಯಲ್ಲಿ ಗೀರಿಲ್ಲದೆ ಉಳಿಯಲಾರದೆಂಬುದು ಅದನ್ನು ರೂಪಿಸಿದವರಿಗೆ ಗೊತ್ತಿತ್ತು. ಆದುದರಿಂದ ದೋಷ ಇದ್ದೇ ಇರುತ್ತದೆಂದು ಒಪ್ಪಿಕೊಂಡೇ ಅವರು ಕೆಲಸ ಆರಂಭಿಸಿದರು. ನನಗೆ ಅತ್ಯಂತ ಪ್ರಿಯವಾದ ಸಂಗತಿ ಇದೇ.

ಇದರ ಬೀಜ ಬೆಲ್ ಪ್ರಯೋಗಾಲಯದ ರಿಚರ್ಡ್ ಹ್ಯಾಮಿಂಗ್ ಅವರ ಸಿಟ್ಟಿನಲ್ಲಿದೆ. ವಾರಾಂತ್ಯದಲ್ಲಿ ಅವರು ಒಪ್ಪಿಸಿ ಹೋದ ಲೆಕ್ಕವನ್ನು ಗಣಕಯಂತ್ರ ತಪ್ಪು ಕಂಡೊಡನೆ ಕೈಬಿಡುತ್ತಿತ್ತಂತೆ. ತಪ್ಪನ್ನು ಕಾಣಬಲ್ಲ ಯಂತ್ರ ಅದನ್ನು ತಿದ್ದಲಾರದೇಕೆ? 1950ರಲ್ಲಿ ಅವರು ಉತ್ತರ ಪ್ರಕಟಿಸಿದರು. 1960ರಲ್ಲಿ ಇರ್ವಿಂಗ್ ರೀಡ್ ಮತ್ತು ಗುಸ್ಟಾವ್ ಸಾಲೊಮನ್ ಐದು ಪುಟಗಳ ಲೇಖನದಲ್ಲಿ ಮತ್ತೊಂದು ಹೆಜ್ಜೆ ಮುಂದೆ ಹೋದರು. ಹತ್ತನೆಯ ತರಗತಿಯ ಗಣಿತದಲ್ಲೇ ಅದರ ತಿರುಳನ್ನು ಹೇಳಬಹುದು. ಒಂದು ಸರಳರೇಖೆಗೆ ಎರಡು ಬಿಂದುಗಳು ಸಾಕು. ಬೇಕೆಂದೇ ನಾಲ್ಕನ್ನು ಕಳುಹಿಸಿ. ದಾರಿಯಲ್ಲಿ ಒಂದು ಕೆಟ್ಟರೂ ಉಳಿದ ಮೂರು ಒಂದೇ ಗೆರೆಯಲ್ಲಿ ನಿಂತು, ಕೆಟ್ಟದ್ದು ಯಾವುದೆಂದೂ, ಅದು ಎಲ್ಲಿರಬೇಕಿತ್ತೆಂದೂ ಹೇಳಿಬಿಡುತ್ತವೆ.

ಸಿ.ಡಿ.ಯಲ್ಲಿ ಇನ್ನೊಂದು ಉಪಾಯವೂ ಸೇರಿದೆ. ಒಂದೇ ಊರಿನ ಮಕ್ಕಳನ್ನೆಲ್ಲ ಒಂದೇ ಸಾಲಿನಲ್ಲಿ ಕೂರಿಸಿದರೆ, ಆ ಊರಿನ ಬಸ್ಸು ಬಾರದ ದಿನ ಸಾಲೇ ಖಾಲಿ. ಅವರನ್ನು ಹಂಚಿ ಕೂರಿಸಿದರೆ ಪ್ರತಿ ಸಾಲಿನಲ್ಲೂ ಒಬ್ಬರಷ್ಟೇ ಕಡಿಮೆ. ಹಾಗೆಯೇ ಕ್ಷಣವೊಂದರ ಸ್ವರಗಳನ್ನು ಹಾದಿಯುದ್ದಕ್ಕೂ ಚದುರಿಸಿ ಬರೆದಿದ್ದಾರೆ. ಹೀಗಾಗಿ ಹಾದಿಯಲ್ಲಿ ಸುಮಾರು ಎರಡೂವರೆ ಮಿಲಿಮೀಟರ್ ಅಳಿಸಿಹೋದರೂ ಸ್ವರವೊಂದೂ ಕಳೆಯದೆ ಮರಳಿ ದೊರೆಯುತ್ತದೆ.

ಹಾಗಾದರೆ ಜಂಪ್ ಆಗುವುದೇಕೆ? ಕೇಂದ್ರದಿಂದ ಅಂಚಿಗೆ ಓಡುವ ಗೀರು ಪ್ರತಿ ಸುತ್ತನ್ನೂ ಅಡ್ಡಹಾಯ್ದು ಒಂದಿಷ್ಟನ್ನೇ ಕೆಡಿಸುತ್ತದೆ. ಸುತ್ತಿನ ಗುಂಟ ಬಿದ್ದ ಗೀರು ಬೆಳಕಿಗೆ ದಾರಿಯನ್ನೇ ತಪ್ಪಿಸುತ್ತದೆ. ಒರೆಸುವಾಗ ಗುಂಡಗೆ ತಿರುಗಿಸದೆ ನಡುವಿನಿಂದ ಅಂಚಿನತ್ತ ಎಳೆಯಬೇಕೆನ್ನುವುದು ಇದಕ್ಕಾಗಿಯೇ. ಹಲವು ತಟ್ಟೆಗಳ ಪೆಟ್ಟಿಗೆಯಲ್ಲಿ ರೋಗನಿರ್ಣಯ ಸುಲಭ: ಒಂದೇ ತಟ್ಟೆ, ಅದೇ ಜಾಗದಲ್ಲಿ ಹಾರಿದರೆ ತಟ್ಟೆಯ ದೋಷ, ಎಲ್ಲವೂ ಎಲ್ಲೆಂದರಲ್ಲಿ ಹಾರಿದರೆ ಮಸೂರದ ಧೂಳು, ಒಣಗಿದ ಗ್ರೀಸು ಅಥವಾ ಸೊರಗಿದ ಲೇಸರ್. ಮಸೂರಕ್ಕೆ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಹತ್ತಿಯ ಹಗುರ ಸ್ಪರ್ಶ ಸಾಕು. ಚಿತ್ರವಿರುವ ಮೇಲ್ಭಾಗವನ್ನು ಜನ ಗಟ್ಟಿಯೆಂದು ತಿಳಿಯುತ್ತಾರೆ. ವಾಸ್ತವದಲ್ಲಿ ಅದೇ ಮೃದು. ಲೋಹದ ಪದರ ಅದರ ತೆಳು ಅರಗಿನ ಕೆಳಗೇ ಇರುತ್ತದೆ. ಅಲ್ಲಿ ಗೀರಿದರೆ ಮದ್ದಿಲ್ಲ.

ಮಗ ಕೊಟ್ಟ 200 ತಟ್ಟೆಗಳ ಪೆಟ್ಟಿಗೆಯೊಂದು ನನ್ನಲ್ಲಿದೆ. ಅಂಗಡಿಯಿಂದ ಕೊಂಡ ತಟ್ಟೆಗಳು ಅದರಲ್ಲಿ ಇಂದಿಗೂ ಹಾಡುತ್ತವೆ. ಶಾಲಾ ವಾರ್ಷಿಕೋತ್ಸವಗಳ ಕ್ಯಾಸೆಟ್ಟುಗಳಿಂದ 2003ರಲ್ಲಿ ಬರೆಸಿಟ್ಟ ತಟ್ಟೆಗಳ ಕಥೆ ಬೇರೆ. ಅವುಗಳಲ್ಲಿರುವುದು ಅಚ್ಚೊತ್ತಿದ ಕುಳಿಗಳಲ್ಲ, ಬಣ್ಣದ ಪದರ. ಅದು ಬಿಸಿಲಿಗೂ ಸೆಕೆಗೂ ಮಾಸುತ್ತದೆ. ಕ್ಯಾಸೆಟ್ಟು ಮುಪ್ಪಾದಾಗ ಗೊರಗುಟ್ಟಿ ಎಚ್ಚರಿಸುತ್ತಿತ್ತು. ಸಿ.ಡಿ.ಯ ಗಣಿತ ತನ್ನ ಶಕ್ತಿ ಇರುವವರೆಗೂ ಕೊಳೆತವನ್ನು ಮುಚ್ಚಿಡುತ್ತದೆ; ಶಕ್ತಿ ಮೀರಿದ ದಿನ ಒಮ್ಮೆಗೇ ಮಾತು ನಿಲ್ಲಿಸುತ್ತದೆ. ಮೂವತ್ತೆರಡು ತಟ್ಟೆಗಳಲ್ಲಿ ಇಪ್ಪತ್ತಾರನ್ನು ಈ ತಿಂಗಳು ಗಣಕಯಂತ್ರಕ್ಕೆ ಇಳಿಸಿಕೊಂಡೆ. ಉಳಿದ ಆರರಲ್ಲೊಂದು, ಈಗ ನಮ್ಮ ನಡುವೆ ಇಲ್ಲದ ಸಂಗೀತದ ಮೇಷ್ಟ್ರು ಮಕ್ಕಳಿಂದ ನಾಡಗೀತೆ ಹಾಡಿಸಿದ್ದು. ಬೇರೆ ಡ್ರೈವಿನಲ್ಲಿ, ಅತಿ ನಿಧಾನದ ವೇಗದಲ್ಲಿ, ನಾಳೆ ಅದನ್ನು ಮತ್ತೊಮ್ಮೆ ಹಾಕಿ ನೋಡುವವನಿದ್ದೇನೆ.